ರೈಲಿನಲ್ಲಿ ಇಟ್ಟ ಹೆಸರು

ಕಾಪು ಪೇಟೆಯಲ್ಲಿ ಆ ಕಾಲಕ್ಕೆ ರವಿಕೆ ಹೊಲಿಯುವವರು ಐದಾರು ಮಂದಿ ಇದ್ದರು. ಹೇಳಿದ ದಿನಕ್ಕೆ ಹೊಲಿದು ಕೊಡುತ್ತಿದ್ದವಳು ಮಾತ್ರ ಬರ್ತಾ ಬಾಯಿ ಒಬ್ಬಳೇ. ಬುಧವಾರ ಎಂದರೆ ಬುಧವಾರ. ಬಟ್ಟೆ ಸಾಲದಿದ್ದರೆ ಸಾಲದು ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ಮೂರು ವರ್ಷದ ಹಿಂದಿನ ರವಿಕೆ ತಂದು ಇದೇ ಅಳತೆಗೆ ಹೊಲಿ ಎಂದವರಿಗೆ, "ಅಳತೆ ಹಳೆಯದು, ನೀವು ಈಗಿನವರು" ಎಂದು ಟೇಪು ಹಿಡಿದು ಎದ್ದು ನಿಲ್ಲುತ್ತಿದ್ದಳು. ಮುಖ ಊದಿಸಿಕೊಂಡು ಹೋದವರೂ ಮುಂದಿನ ಹಬ್ಬಕ್ಕೆ ತಿರುಗಿ ಅಲ್ಲಿಗೇ ಬರುತ್ತಿದ್ದರು. ಬೇರೆಲ್ಲಿಗೆ ಹೋದಾರು, ಕಂಕುಳಲ್ಲಿ ಹಿಡಿಯದ ರವಿಕೆ ಹೊಲಿಯುವ ಕೈ ಊರಿಗೆ ಅದೊಂದೇ.

ಕಾರ್ಕಳದಲ್ಲಿ ಸಿಸ್ಟರುಗಳ ಹತ್ತಿರ ಹೊಲಿಗೆ ಕಲಿತವಳು ಅವಳು. ಸುತ್ತಮುತ್ತಲಿನ ಕ್ರೈಸ್ತರ ಮನೆಗಳಲ್ಲಿ ಮಗು ಹುಟ್ಟಿತು ಎಂದರೆ ಜ್ಞಾನಸ್ನಾನದ ಬಿಳಿ ಅಂಗಿ ಬರ್ತಾಳ ಮೆಷಿನ್ನಿನಿಂದಲೇ ಬರಬೇಕು. ಅದಕ್ಕೆ ಲೇಸು ಆರಿಸಲು ಅವಳೇ ಬಸ್ಸು ಹತ್ತಿ ಉಡುಪಿಗೆ ಹೋಗುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಅಂಗಿ ಹೊಲಿದವಳ ಸ್ವಂತ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಬಂದ ಸಂಬಂಧಗಳಿಗೆಲ್ಲ ಮೊದಲು ತಂಗಿಯದು ಆಗಲಿ ಎಂದಳು. ತಂಗಿ ಜೋನಳ ಮದುವೆಯಾದ ಮೇಲೆ ಇನ್ನು ನನಗೆ ಯಾಕೆ ಎಂದಳು. ಜನ ಎರಡು ದಿನ ಮಾತಾಡಿಕೊಂಡರು, ಮೂರನೆಯ ದಿನ ರವಿಕೆ ಕೊಡಲು ಬಂದರು. ಹೀಗೆ ಬರ್ತಾಳಿಗೆ ಮೂವತ್ಮೂರು ವರ್ಷವಾಯಿತು.

ಜೋನಳನ್ನು ಕೊಟ್ಟದ್ದು ಅದೇ ಊರಿನ ಇಮ್ಯಾನುಯೆಲ್ ಎಂಬವರ ಕಿರಿಯ ಮಗ ಬೆಂಜಮಿನ್ನನಿಗೆ. ಅವನಿಗೆ ಮುಂಬಯಿಯಲ್ಲಿ ಗುಮಾಸ್ತನ ಕೆಲಸ. ಇಮ್ಯಾನುಯೆಲ್ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದ ವಿಧುರರು, ಸಣ್ಣಪುಟ್ಟದಕ್ಕೆ ಬಗ್ಗುವ ಜನವಲ್ಲ. ಅವರ ಆಸೆ ಒಂದೇ. ಮನೆಯ ಮೊದಲ ಗಂಡು ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಇವರಲ್ಲಿ ತಲೆಮಾರಿನಿಂದ ಬಂದ ಕ್ರಮ. ಎರಡನೆಯ ಮಗ ಅಲೆಕ್ಸಾಂಡರನಿಗೆ ನಾಲ್ಕೂ ಹೆಣ್ಣು. ಆ ನಾಲ್ವರನ್ನೂ ಮುದುಕ ಹೆಗಲ ಮೇಲೆ ಹೊತ್ತು ಸಾಕಿದವರೇ, ಆದರೂ ಹೆಸರು ಹಾಗೇ ಉಳಿದಿತ್ತು. ಜೋನಳಿಗೆ ಬಸುರಿನಲ್ಲಿ ಏನೋ ತೊಂದರೆ ಕಾಣಿಸಿ, ಊರಿಗೆ ಪ್ರಯಾಣ ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ಬರ್ತಾಳೇ ಮುಂಬಯಿಗೆ ಹೊರಟಳು. ತಾಯಿ ಇಲ್ಲದ ಹುಡುಗಿಗೆ ಅಕ್ಕನೇ ತಾಯಿ. ಬಸ್ಸಿನ ಹತ್ತಿರ ಇಮ್ಯಾನುಯೆಲ್ ಬಂದು ನಿಂತರು.

"ಗಂಡಾದರೆ ಅಲ್ಲಿ ಬಾಪ್ತಿಸ್ಮ ಮಾಡಿಸಬೇಡಿ ಬರ್ತಾ. ಇಲ್ಲಿಗೆ ತನ್ನಿ, ನಮ್ಮ ಇಗರ್ಜಿಯಲ್ಲಿ ಆಗಲಿ. ನನ್ನ ಹೆಸರು ಕರೆಯುವುದನ್ನು ನಾನು ಈ ಕಿವಿಯಿಂದ ಕೇಳಬೇಕು."

ತರ್ತೇನೆ ಮಾಮ್ ಎಂದಳು ಬರ್ತಾ. ಕೊಟ್ಟ ಮಾತು ಎಂದರೆ ಅವಳಿಗೆ ಏನೆಂದು ಊರಿಗೇ ಗೊತ್ತು. ಮುದುಕ ನೆಮ್ಮದಿಯಿಂದ ಮನೆಗೆ ಹೋದರು.

ಗಂಡೇ ಆಯಿತು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮೇ ತಿಂಗಳು, ಮಗುವಿಗೆ ಐವತ್ತು ದಿನ ತುಂಬಿದಾಗ ಮೂವರೂ ದಾದರಿನಲ್ಲಿ ರೈಲು ಹತ್ತಿದರು. ಬೆಂಜಮಿನ್ನನಿಗೆ ರಜೆ ಸಿಕ್ಕಿರಲಿಲ್ಲ. ಕಿಟಕಿಯ ಸರಳಿನೊಳಗೆ ಬೆರಳು ತೂರಿಸಿ ಮಗುವಿನ ಕಾಲು ಮುಟ್ಟುತ್ತಾ ಗಾಡಿಯ ಜೊತೆ ಅರ್ಧ ಪ್ಲಾಟ್‌ಫಾರ್ಮು ಓಡಿದ. ಊರಿಗೆ ನೇರ ಬಸ್ಸು ಇರಲಿಲ್ಲ ಎಂದಲ್ಲ. ಆದರೆ ಹಸುಗೂಸನ್ನು ಇಡೀ ದಾರಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದು ಬೇಡ, ರೈಲಾದರೆ ಕಾಲು ಚಾಚಲು ಜಾಗ ಉಂಟು, ನೀರುಂಟು ಎಂದು ಬರ್ತಾಳೇ ಹಟ ಹಿಡಿದಿದ್ದಳು. ಮೀರಜಿನವರೆಗೆ ಒಂದು ಗಾಡಿ, ಅಲ್ಲಿಂದ ಸಣ್ಣ ಹಳಿಯ ಇನ್ನೊಂದು ಗಾಡಿಯಲ್ಲಿ ಹುಬ್ಬಳ್ಳಿ, ಆಮೇಲೆ ಊರಿನ ಬಸ್ಸು. ಆ ಕಾಲದಲ್ಲಿ ಉಡುಪಿಗೆ ರೈಲೆಂದರೆ ಬರೀ ಮಾತು.

ಐವತ್ತು ದಿನದ ಮಗುವಿಗೆ ಎಷ್ಟು ಸಾಮಾನು ಬೇಕು ಎಂದು ನೋಡದವರು ನಂಬಲಿಕ್ಕಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಬಿಸಿನೀರಿನ ಫ್ಲಾಸ್ಕು, ತಣ್ಣೀರಿನ ಹೂಜಿ, ಅಲ್ಯೂಮಿನಿಯಂ ಬೋಗುಣಿ, ಎಣ್ಣೆಯ ಬಾಟ್ಲಿ, ಹಳೆಯ ಸೀರೆ ಹರಿದ ಬಟ್ಟೆಗಳ ಒಂದು ಗಂಟು. ಇಷ್ಟೆಲ್ಲದರ ಪುಟ್ಟ ಯಜಮಾನರು ಮಾತ್ರ ನಡುವೆ ಮುಷ್ಟಿ ಕಟ್ಟಿ ಮಲಗಿದ್ದರು. ಬರ್ತಾ ಮೇಲಿನ ಮಲಗುವ ಹಲಗೆಯ ಎರಡು ಸರಪಳಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದಳು. ತೂಗುವ ಕೆಲಸ ಗಾಡಿಯೇ ಮಾಡಿತು. ಆದರೂ ಒಂದು ಕೈ ತೊಟ್ಟಿಲ ಮೇಲೆ ಇಟ್ಟೇ ಕುಳಿತಿದ್ದಳು. ಅವಳ ಮನಸ್ಸಿನಲ್ಲಿ ಒಂದು ಅಳುಕಿತ್ತು. ಅವರಲ್ಲಿ ಮಗು ಹುಟ್ಟಿದ ಎಂಟು ಹತ್ತು ದಿನದಲ್ಲೇ ಜ್ಞಾನಸ್ನಾನ ಮುಗಿಯಬೇಕು. ಇದು ಇನ್ನೂ ತಲೆಗೆ ನೀರು ಬೀಳದ ಮಗು. ಮಾಮನ ಆಸೆಗಾಗಿ ಇಷ್ಟು ದಿನ ತಡೆದದ್ದು ಸರಿಯೋ ತಪ್ಪೋ ಎಂದು ಅವಳು ಒಳಗೊಳಗೇ ಜಪಮಾಲೆ ತಿರುವುತ್ತಿದ್ದಳು.

ಮೀರಜಿನಲ್ಲಿ ಬೆಳಿಗ್ಗೆ ಗಾಡಿ ಬದಲಾಯಿಸಿದಾಗ ಎದುರಿನ ಸೀಟಿಗೆ ಹೆಜಮಾಡಿಯ ನಳಿನಾಕ್ಷಿ ಎಂಬವರು ಸಿಕ್ಕಿದರು. ಗಂಡನದು ಮುಂಬಯಿಯಲ್ಲಿ ಹೋಟೆಲು, ಇವರು ತಾಯಿಯ ಮನೆಗೆ ಹೊರಟವರು. ಐವತ್ತರ ಹತ್ತಿರದ ಹೆಂಗಸು, ನಾಲ್ಕು ಹೆತ್ತವರು, ಬಾಯಿ ಸುಮ್ಮನಿರುವ ಜಾತಿಯಲ್ಲ. ಕಾಪುವಿನವರು ಎಂದು ಗೊತ್ತಾದದ್ದೇ ತಡ, ನಮ್ಮ ಬಾಯಮ್ಮ, ನಮ್ಮ ಬಾಯಮ್ಮ ಎಂದು ಬರ್ತಾಳನ್ನು ಹಿಡಿದುಕೊಂಡು ತಿಂಡಿ ಕಟ್ಟು ಬಿಚ್ಚಿಯೇ ಬಿಟ್ಟರು. ಮಗುವಿನ ಕೆನ್ನೆ ನೋಡಿ, ಕಿವಿ ನೋಡಿ, ಕಾಲಿನ ಹೆಬ್ಬೆರಳನ್ನೂ ನೋಡಿ, ಇವನು ಅಜ್ಜನ ಹಾಗೆಯೇ ಹಟಮಾರಿ ಎಂದು ತೀರ್ಪು ಕೊಟ್ಟರು. ಅಜ್ಜನನ್ನು ಅವರು ಜನ್ಮದಲ್ಲಿ ಕಂಡವರಲ್ಲ.

ಬೆಳಗಾವಿಗೆ ಮುಂಚೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಂತಿತು. ಮಗುವಿಗೆ ಐವತ್ತು ದಿನದಲ್ಲಿ ಒಂದು ದಿನವೂ ಸ್ನಾನ ತಪ್ಪಿಸಿದವಳಲ್ಲ ಬರ್ತಾ. ರೈಲಿನಲ್ಲಿ ಇದ್ದೇವೆ ಎಂಬುದು ಅವಳಿಗೆ ಒಂದು ಕಾರಣವೇ ಅಲ್ಲ. ಬೋಗುಣಿ ಹಿಡಿದುಕೊಂಡು ಇಳಿದು ನೇರ ಎಂಜಿನ್ನಿನ ಹತ್ತಿರ ಹೋದಳು. ಮೈಯೆಲ್ಲ ಮಸಿಯಾದ ಡ್ರೈವರನಿಗೆ ಮೊದಲು ಇವಳು ಏನು ಕೇಳುತ್ತಿದ್ದಾಳೆಂದೇ ಅರ್ಥವಾಗಲಿಲ್ಲ. ತೋಳಿನಲ್ಲಿ ಮಗುವನ್ನು ಮಲಗಿಸಿ ನೀರು ಹೊಯ್ಯುವುದನ್ನು ಮಾಡಿ ತೋರಿಸಿದಳು. ಅವನು ನಕ್ಕು, ನಲ್ಲಿ ತಿರುಗಿಸಿ, ಕುದಿಯುವ ನೀರು ತುಂಬಿಸಿ ಕೊಟ್ಟ. ಹೂಜಿಯ ತಣ್ಣೀರು ಬೆರೆಸಿ, ಎರಡು ಸೀಟುಗಳ ನಡುವೆ ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ ಮೀಯಿಸಿದಳು. ಇಡೀ ಡಬ್ಬಿ ಎದ್ದು ನಿಂತು ನೋಡಿತು. ನೆಲವೆಲ್ಲ ಒದ್ದೆಯಾದರೂ ಯಾರೂ ಒಂದು ಮಾತು ಆಡಲಿಲ್ಲ.

ಸ್ನಾನವಾದ ಮೇಲೆ ಜೋನ್ ಹಾಲು ಕೊಟ್ಟಳು. ಹೊಟ್ಟೆ ತುಂಬಿ ಕಣ್ಣು ಎಳೆಯುತ್ತಿದ್ದ ಮಗುವನ್ನು ಅಕ್ಕನ ತೊಡೆಗೆ ದಾಟಿಸಿ, ಒದ್ದೆ ಬಟ್ಟೆಗಳನ್ನು ಹಿಂಡಿ ತರುತ್ತೇನೆಂದು ಡಬ್ಬಿಯ ತುದಿಗೆ ಹೋದಳು. ಅಷ್ಟು ಹೊತ್ತಿಗೆ ಗಾಡಿ ಒಮ್ಮೆ ಜಗ್ಗಿ ಹೊರಟಿತು. ಕುಡಿದ ಹಾಲು ಮೇಲೆ ಬಂದು ಮಗುವಿನ ನೆತ್ತಿಗೆ ಹತ್ತಿತು. ಒಂದು ಸಲ ಕೆಮ್ಮಿತು, ಎರಡನೆಯ ಸಲ ಕೆಮ್ಮಲು ಬಾಯಿ ತೆರೆಯಿತು, ಸ್ವರ ಬರಲಿಲ್ಲ. ತುಟಿ ಕಪ್ಪಿಟ್ಟಿತು. ಬರ್ತಾ ಅದನ್ನು ಅಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಹಾಲು ಚೆಲ್ಲಿತು, ಉಸಿರು ಬರಲಿಲ್ಲ. ಮತ್ತೆ ತಟ್ಟಿದಳು. ಕಾಲುಗಳು ಜೋತುಬಿದ್ದವು. ನಳಿನಾಕ್ಷಿ ಅಯ್ಯೋ ದೇವರೇ ಎಂದು ಎದ್ದು ನಿಂತರು.

ಸಾಯುವ ಹೊತ್ತಿನಲ್ಲಿ ಪಾದ್ರಿಗಳು ಇಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನೀರು ಹಾಕಿ ಆ ಮಾತು ಹೇಳಿದರೆ ಸಾಕು ಎಂದು ಇಗರ್ಜಿಯ ಪಾಠದಲ್ಲಿ ಏಳು ವರ್ಷದವಳಿದ್ದಾಗಲೇ ಬಾಯಿಪಾಠ ಮಾಡಿದ್ದಳು ಬರ್ತಾ. ಅದು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೂಜಿಗೆ ಹೋಯಿತು. ಮಗುವನ್ನು ತಿರುಗಿಸಿ ಹಣೆಯ ಮೇಲೆ ತಣ್ಣೀರು ಸುರಿದು ಕೂಗಿದಳು:

"ಕಜೆಟನ್, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ತಣ್ಣೀರು ಬಿದ್ದದ್ದಕ್ಕೋ, ಅಷ್ಟು ಹೊತ್ತಿಗೆ ದಾರಿ ಬಿಟ್ಟಿತೋ, ಆ ದೇವರಿಗೇ ಗೊತ್ತು. ಮಗು ಬೆಚ್ಚಿ ಎರಡೂ ಕೈ ಮೇಲೆತ್ತಿ ಎಳೆದು ಉಸಿರು ತೆಗೆದುಕೊಂಡು ಅತ್ತಿತು. ಗಾಡಿಯ ಸದ್ದನ್ನೂ ಮೀರಿಸಿ ಅತ್ತಿತು. ಬರ್ತಾ ಅದನ್ನು ಎದೆಗೆ ಒತ್ತಿಕೊಂಡು ಕುಳಿತಳು. ಜೀವ ಉಳಿಯಿತಲ್ಲ ಎಂಬ ಸಂತೋಷ ಎಷ್ಟಿತ್ತೆಂದರೆ, ತನ್ನ ಬಾಯಿಂದ ಬಂದದ್ದು ಯಾವ ಹೆಸರು ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ ಜೋನ್ ಹೋದ ಕಡೆಗೆ ತಿರುಗಿ ನೋಡಿದಳು.

ನಳಿನಾಕ್ಷಿ ಅವಳ ಬೆನ್ನು ಸವರುತ್ತಾ, ಬೆಳಿಗ್ಗೆಯಿಂದ ಇಮ್ಯಾನುಯೆಲ್ ಅಂತಲ್ವಾ ಹೇಳ್ತಿದ್ದದ್ದು, ಈ ಕಜೆಟನ್ ಯಾರು ಬಾಯಮ್ಮ ಎಂದು ಮೆಲ್ಲಗೆ ಕೇಳಿದರು.

ಹನ್ನೊಂದು ವರ್ಷ ತಂಗಿಗೂ ಹೇಳದ್ದನ್ನು, ಪಾಪನಿವೇದನೆಯಲ್ಲೂ ಹೇಳದ್ದನ್ನು, ಅರ್ಧ ದಿನದ ಪರಿಚಯದ ಹೆಂಗಸಿನ ಮುಂದೆ ಹೇಳಿಬಿಟ್ಟಳು ಬರ್ತಾ. ಕಜೆಟನ್ ಎಂದರೆ ಇಮ್ಯಾನುಯೆಲರ ಹಿರಿಯ ಮಗ. ಸರಕು ಸಾಗಿಸುವ ಹಡಗಿನಲ್ಲಿ ಕೆಲಸ. ಅರವತ್ತೆಂಟರ ಬೇಸಿಗೆಯಲ್ಲಿ ರಜೆಗೆ ಬಂದವನು ಅಂಗಿಯ ಸವೆದ ಕಾಲರು ತಿರುಗಿಸಿ ಹೊಲಿದು ಕೊಡಿ ಎಂದು ಬಂದ. ಮಾರನೆಯ ವಾರ ಮತ್ತೊಂದು ಅಂಗಿ ತಂದ. ಮೂರನೆಯ ಸಲ ತಂದ ಅಂಗಿಯ ಕಾಲರು ಹೊಸದಾಗಿಯೇ ಇತ್ತು. ಇದಕ್ಕೆ ಏನೂ ಆಗಿಲ್ಲವಲ್ಲ ಎಂದಳು ಬರ್ತಾ. ನನಗೆ ಆಗಿದೆ ಎಂದ. ಕ್ರಿಸ್ಮಸ್ಸಿಗೆ ಬಂದು ಅಪ್ಪನ ಹತ್ತಿರ ಮಾತಾಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದು ಹೋದ. ಕ್ರಿಸ್ಮಸ್ಸಿಗೆ ಅವನು ಬರಲಿಲ್ಲ. ಆಫ್ರಿಕದ ಕಡೆ ಹೊರಟ ಹಡಗು ದಡ ಮುಟ್ಟಲಿಲ್ಲ ಎಂದು ಜನವರಿಯಲ್ಲಿ ತಂತಿ ಬಂತು. ಹೆಣ ಸಿಗಲಿಲ್ಲ. ಸತ್ತದ್ದನ್ನು ಕಂಡವರು ಯಾರು ಎಂದು ಇಮ್ಯಾನುಯೆಲ್ ಗುಡುಗಿದರು. ಮನೆಯಲ್ಲಿ ಯಾರೂ ಶೋಕದ ಕಪ್ಪು ಬಟ್ಟೆ ಉಡಲಿಲ್ಲ. ಆಮೇಲೆ ಆ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

"ಯಾರಿಗೂ ಹೇಳಬೇಡ ಅಂದಿದ್ದ. ನಾನು ಹೇಳಲಿಲ್ಲ" ಎಂದಳು ಬರ್ತಾ. "ಹಾಗಾಗಿ ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ ನಳಿನಕ್ಕ."

ನಳಿನಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಲೋಕ ಕಂಡವರ ಹಾಗೆ ಬುದ್ಧಿ ಹೇಳಿದರು. ಮುದುಕನ ಹೆಸರನ್ನೇ ಇಟ್ಟೆ ಅಂತ ಹೇಳಿದರಾಯಿತು. ಕೇಳಿದವರಲ್ಲಿ ನಿಮ್ಮ ಕಡೆಯವಳು ನಾನೊಬ್ಬಳು, ನನಗೆ ನಿಮ್ಮ ಊರಲ್ಲಿ ಎಂತ ಕೆಲಸ ಉಂಟು.

ಅಷ್ಟರಲ್ಲಿ ಜೋನ್ ಬಂದಳು. ಮಗುವಿನ ತಲೆ ಒದ್ದೆ, ಅಕ್ಕನ ಮುಖ ಒದ್ದೆ. ನಡೆದದ್ದನ್ನು ಕೇಳಿ ಅಲ್ಲೇ ಕುಸಿದು ಕುಳಿತು ಮಗುವಿನ ಅಂಗಾಲಿಗೆ ಮುತ್ತಿಟ್ಟಳು, ಅಕ್ಕನ ಕೈಗೆ ಮುತ್ತಿಟ್ಟಳು. ಎಷ್ಟೋ ಹೊತ್ತಿನ ಮೇಲೆ, ಮಾವನ ಹೆಸರೇ ಹೇಳಿದ್ದಲ್ವಾ ಅಕ್ಕ ಎಂದು ಕೇಳಿದಳು. ಬರ್ತಾ ತಲೆ ತಗ್ಗಿಸಿ, ಮಗು ಉಳಿಯಿತಲ್ಲ ಮಾರಾಯ್ತಿ ಎಂದಳು. ಜೋನಳಿಗೆ ಅಷ್ಟೇ ಸಾಕಾಯಿತು. ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುತ್ತಿದ್ದ ಬರ್ತಾ ಬಾಯಿ ಅವತ್ತು ಮೊದಲ ಬಾರಿ ಮಾತು ಜಾರಿಸಿದಳು.

ಕಾಪುವಿನಲ್ಲಿ ಬಸ್ಸು ನಿಂತಾಗ ಇಮ್ಯಾನುಯೆಲ್ ಬೆಳಗಿನ ಬಿಸಿಲಲ್ಲಿ ಮದುವೆಯ ಕಾಲದ ಕೋಟು ಹಾಕಿಕೊಂಡು ಕಾಯುತ್ತಿದ್ದರು. ಬಸ್ಸಿನ ಮೆಟ್ಟಲಲ್ಲೇ ಮಗುವನ್ನು ಕಸಿದುಕೊಂಡು, ಬಾ ಸಣ್ಣ ಇಮ್ಯಾನುಯೆಲ್, ದೊಡ್ಡ ಇಮ್ಯಾನುಯೆಲ್ ಇಲ್ಲಿದ್ದಾನೆ ಎಂದರು. ರೈಲಿನಲ್ಲಿ ನಡೆದದ್ದನ್ನು ಜೋನ್ ಹೇಳಿದಾಗ ಅವರು ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಬರ್ತಾಳ ತಲೆಯ ಮೇಲೆ ಕೈ ಇಟ್ಟು, ನನ್ನ ಹೆಸರು ಉಳಿಸಿದೆ ಮಗಳೇ ಎಂದರು. ಬರ್ತಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ನಾಲ್ಕು ದಿನ ಆ ದಾರಿಯಲ್ಲಿ ಹೋದವರಿಗೆಲ್ಲ ಮುದುಕ ಮೊಮ್ಮಗನನ್ನು ತೋರಿಸಿ ಹೆಸರು ಹೇಳಿದ್ದೇ ಹೇಳಿದ್ದು. ಇತ್ತ ಬರ್ತಾ ಒಂದೇ ರವಿಕೆಗೆ ಎರಡೂ ಎಡಗೈ ತೋಳು ಕತ್ತರಿಸಿ ಕುಳಿತಳು. ನಳಿನಾಕ್ಷಿ ಹೇಳಿದ ಹಾಗೆ ಮಾಡಿದರೆ ಮುದುಕನ ಆಸೆಯೂ ತೀರುತ್ತದೆ, ತನ್ನ ಗುಟ್ಟೂ ಉಳಿಯುತ್ತದೆ. ಒಂದು ಹೆಸರು, ಒಂದು ಸುಳ್ಳು, ಅಷ್ಟೇ. ಆದರೆ ಆ ಸುಳ್ಳು ಹೇಳಬೇಕಾದದ್ದು ದೇವರ ಮನೆಯಲ್ಲಿ. ಮೇಲಾಗಿ ಕಜೆಟನ್ನನನ್ನು ಇನ್ನೊಂದು ಸಲ ತಾನೇ ನೀರಿಗೆ ತಳ್ಳಿದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಇಗರ್ಜಿಯ ಪಕ್ಕದ ಕೋಣೆಗೆ ಹೋದರು. ಒಮ್ಮೆ ಕೊಟ್ಟ ಜ್ಞಾನಸ್ನಾನವನ್ನು ಮತ್ತೆ ಕೊಡುವ ಹಾಗಿಲ್ಲ; ಎಣ್ಣೆ ಹಚ್ಚುವುದು, ಮೇಣದ ಬತ್ತಿ, ಬಿಳಿ ಅಂಗಿ ಇಷ್ಟೇ ಬಾಕಿ. ಅದಕ್ಕೆ ಮೊದಲು ಫಾದರ್ ದೊಡ್ಡ ಪುಸ್ತಕ ಬಿಡಿಸಿ, ರೈಲಿನಲ್ಲಿ ಯಾವ ಹೆಸರಿಟ್ಟಿರಿ ಬರ್ತಾ ಬಾಯಿ ಎಂದು ಪೆನ್ನು ತೆರೆದರು.

"ನನ್ನದೇ ಫಾದರ್. ಇನ್ಯಾರದು?" ಎಂದರು ಇಮ್ಯಾನುಯೆಲ್.

ಫಾದರ್ ಬರೆಯಲು ಬಗ್ಗಿದರು.

"ಅಲ್ಲ ಫಾದರ್" ಎಂದಳು ಬರ್ತಾ. "ನಾನು ಹೇಳಿದ್ದು ಕಜೆಟನ್ ಅಂತ."

ಜೋನ್ ಅಕ್ಕನ ಮುಖ ನೋಡಿದಳು, ಮಾವನ ಮುಖ ನೋಡುವ ಧೈರ್ಯ ಆಗಲಿಲ್ಲ. ಫಾದರ್ ಆ ಊರಿಗೆ ಹೊಸಬರು. ಇದರಲ್ಲಿ ಗಾಬರಿ ಏನೂ ಇಲ್ಲ, ಮುಖ್ಯವಾದದ್ದು ನೀರು ಮತ್ತು ಆ ಮಾತು, ಹೆಸರನ್ನು ಮನೆಯವರು ಹೇಳಿದ ಹಾಗೆ ಬರೆಯುತ್ತೇನೆ, ಇಮ್ಯಾನುಯೆಲ್ ಎಂದೇ ಬರೆಯಲೇ ಎಂದು ಸಮಾಧಾನವಾಗಿ ಕೇಳಿದರು. ಮುದುಕನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಅವರು ಬರ್ತಾಳನ್ನೇ ನೋಡುತ್ತಿದ್ದರು.

"ಆ ಹೆಸರು ಯಾಕೆ?"

ಮಗುವಿನ ದೊಡ್ಡಪ್ಪನಲ್ಲವೇ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬರ್ತಾ ತಪ್ಪಿಸಿಕೊಳ್ಳಲಿಲ್ಲ.

"ಮಗು ಸಾಯುತ್ತದೆ ಅಂತ ಕಂಡಾಗ ಬಾಯಿಗೆ ಬೇರೆ ಹೆಸರು ಬರಲಿಲ್ಲ ಮಾಮ್. ಕ್ರಿಸ್ಮಸ್ಸಿಗೆ ಬಂದು ನಿಮ್ಮ ಹತ್ತಿರ ಹೇಳುತ್ತೇನೆ ಅಂದಿದ್ದ."

ಇಮ್ಯಾನುಯೆಲ್ ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತರು. ಮಾತಾಡಿದಾಗ ಆ ಗುಡುಗುವ ಗಂಟಲು ಎಲ್ಲೋ ಹೋಗಿತ್ತು.

"ಕೊನೆಯ ಕಾಗದದಲ್ಲಿ ಬರೆದಿದ್ದ. ಹುಡುಗಿಯನ್ನು ನೋಡಿಕೊಂಡಿದ್ದೇನೆ ಅಪ್ಪ, ಬಂದು ಹೆಸರು ಹೇಳುತ್ತೇನೆ, ನಿಮಗೆ ಖಂಡಿತ ಒಪ್ಪಿಗೆಯಾಗುತ್ತದೆ ಅಂತ. ಯಾರು, ಎಲ್ಲಿಯವಳು ಅಂತ ಹನ್ನೊಂದು ವರ್ಷ ಯೋಚಿಸಿದೆ. ಮುಂಬಯಿಯಲ್ಲಿ ಹುಡುಕಿಸಿದೆ. ನೀನು ನನ್ನ ಅಂಗಿಗೆ ಗುಂಡಿ ಹಾಕಿ ಕೊಡುತ್ತಾ ಇಲ್ಲೇ ಇದ್ದೆಯಲ್ಲ ಮಗಳೇ."

ಮುದುಕ ಕೈ ಚಾಚಿದರು, ಜೋನ್ ಮಗುವನ್ನು ಕೊಟ್ಟಳು. ಅದರ ಮುಖವನ್ನು ನೋಡುತ್ತಾ ಅವರು ಒಮ್ಮೆ ಕಜೆಟನ್ ಎಂದು ಕರೆದರು. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಕರೆದರು.

"ಅದನ್ನೇ ಬರೆಯಿರಿ ಫಾದರ್" ಎಂದರು. "ಅವನು ಇನ್ನು ಬರುವುದಿಲ್ಲ. ನನಗೆ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಅವನ ಆತ್ಮಕ್ಕೆ ಇಲ್ಲಿಯವರೆಗೆ ಒಂದು ಪೂಜೆ ಇಡಲು ನಾನು ಬಿಟ್ಟಿಲ್ಲ. ಬುಧವಾರ ಇಡಿ. ಬರ್ತಾ ನಮ್ಮ ಮನೆಯವರ ಬೆಂಚಿನಲ್ಲಿ ಕುಳಿತುಕೊಳ್ಳಲಿ."

ಆ ಊರಿನಲ್ಲಿ ಸತ್ತವರಿಗಾಗಿ ಪೂಜೆ ಇಟ್ಟರೆ ಮುಂದಿನ ಬೆಂಚು ಮನೆಯವರದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಬುಧವಾರ ಬೆಳಿಗ್ಗೆ ಬರ್ತಾ ಕಪ್ಪು ಸೀರೆ ಉಟ್ಟು ಬಂದಳು. ಇಮ್ಯಾನುಯೆಲ್ ಸ್ವಲ್ಪ ಸರಿದು ತಮ್ಮ ಪಕ್ಕದಲ್ಲಿ ಜಾಗ ಬಿಟ್ಟರು. ಫಾದರ್ ಪೂಜೆಯಲ್ಲಿ ಕಜೆಟನ್ನನ ಹೆಸರು ಓದಿದಾಗ ಅವಳು ಮುಖ ಮುಚ್ಚಿಕೊಳ್ಳದೆ, ಊರೆಲ್ಲ ನೋಡುತ್ತಿದ್ದಂತೆ, ಗಟ್ಟಿಯಾಗಿ ಅತ್ತಳು. ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮೊದಲು ಅವಳ ಕೈ ಹಿಡಿದರು, ಆಮೇಲೆ ಮುದುಕನ ಕೈ ಹಿಡಿದರು.